ಅಂಬಾಜಿದುರ್ಗದ ಏರಿನಲ್ಲಿ

ನಂದಿಯ ಬೆಟ್ಟವನ್ನು ಒಮ್ಮೆಯಾದರೂ ಹತ್ತದ ಬೆಂಗಳೂರಿನ ಸಂಸಾರ ಅಪರೂಪ. ಅಂಬಾಜಿದುರ್ಗವನ್ನು ಹತ್ತಿದ ಸಂಸಾರವು ಅದಕ್ಕಿಂತಲೂ ಅಪರೂಪವೆಂದು ಹೇಳಬಹುದು. ಸಮುದ್ರಮಟ್ಟದಿಂದ ೪,೩೯೯ ಅಡಿಗಳಷ್ಟು ಎತ್ತರದಲ್ಲಿರುವ ಈ ಗಿರಿಯು ನಂದಿಗಿಂತ ಸುಮಾರು ನಾನೂರೈವತ್ತು ಅಡಿ ಮಾತ್ರ ಕಡಮೆ. ಆದರೂ ಪ್ರಯಾಣಿಕರ ಮೋಟಾರುಗಳೆಲ್ಲ ದೇವನಹಳ್ಳಿಯ ಮಾರ್ಗವನ್ನೇ ಹಿಡಿಯುವುವು. ಈ ಕಡೆಗೆ ಬರತಕ್ಕವರು ಕೈವಾರದ ತಾತಯ್ಯನವರ ಭಕ್ತರು, ಮುರುಗಮಲ್ಲದ ದರ್ಗಾಕ್ಕೆ ಹರಕೆ ಹೊತ್ತವರು, ಇಲ್ಲವೆ ನಮ್ಮಂತೆ ಚಿಂತಾಮಣಿಯಲ್ಲಿ ಬಂಧುಗಳಿರುವವರು.

ಹೊಸಕೋಟೆಯನ್ನು ದಾಟಿ ಈಶಾನ್ಯಕ್ಕೆ ಹೊರಟರೆ ಭೂಮಿಯು ಮೆಲ್ಲಮೆಲ್ಲನೆ ಕಲ್ಲಾಗುತ್ತ ಹೋಗುತ್ತದೆ. ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ಮಾವಿನ ತೋಪು, ನೀಲಗಿರಿಯ ಸಾಲು. ನಡುನಡುವೆ ನೀರಿಲ್ಲದ ಕೆರೆಗಳು. ಕೈವಾರವನ್ನು ಜನರು ಭಾರತದ ಏಕಚಕ್ರನಗರವೆಂದು ನಂಬಿದ್ದಾರೆ. ಬಕಾಸುರನನ್ನು ಭೀಮನು ಕೊಂದದ್ದು ಅಲ್ಲಿಯ ಬೆಟ್ಟದಲ್ಲಿಯಂತೆ. ಅದನ್ನು ಬಿಟ್ಟು ಮುಂದೆ ಸಾಗಿದರೆ ಚಿಂತಾಮಣಿ. ಚಿಂತಾಮಣಿರಾಯನೆಂಬ ಮರಾಠ ಸರದಾರನಿಂದ ಊರಿಗೆ ಆ ಹೆಸರು ಬಂದಿತೆಂದು ಹೇಳುವರು. ೨೦೦೭ರವರೆಗೆ ಇದು ಕೋಲಾರ ಜಿಲ್ಲೆಗೆ ಸೇರಿದ್ದಿತು; ಆ ವರ್ಷ ಚಿಕ್ಕಬಳ್ಳಾಪುರವು ಬೇರೆ ಜಿಲ್ಲೆಯಾದಾಗ ಅದರ ಪಾಲಿಗೆ ಬಂದಿತು. ಪೇಟೆಯಲ್ಲಿ ಅರ್ಧ ಮಾತು ಕನ್ನಡ, ಅರ್ಧ ತೆಲುಗು; ಒಂದೇ ವಾಕ್ಯದಲ್ಲಿ ಎರಡನ್ನೂ ಬೆರೆಸಿ ಚೌಕಾಸಿ ಮಾಡುವ ಕಡಲೆಕಾಯಿ ವ್ಯಾಪಾರಿಗಳನ್ನು ಕೇಳುವುದೇ ಒಂದು ಸಂತೋಷ.

ನಾವು ಹೊರಟದ್ದು ಮಾಗಿಯ ಒಂದು ಶನಿವಾರ, ನಾನೂ ನನ್ನ ಮಗನೂ. ಅಕ್ಕನ ಮನೆಯಲ್ಲಿ ಹಿತಕಿದ ಅವರೆಯ ಸಾರಿಗೆ ಕರೆದಿದ್ದರು ಎಂಬುದು ಹೊರಗಿನ ಕಾರಣ. ಒಳಗಿನ ಕಾರಣವು ನನ್ನ ಅಂಗಿಯ ಜೇಬಿನಲ್ಲಿ ಮಡಚಿಕೊಂಡಿತ್ತು. ಹುಡುಗನಿಗೆ ಹದಿಮೂರು ವರ್ಷ, ಎಂಟನೆಯ ತರಗತಿ. ಕಾಲ್ಚೆಂಡಿನ ಹುಚ್ಚು. ನಾಲ್ಕು ತಿಂಗಳ ಹಿಂದೆ ಯಾವುದೋ ಆಯ್ಕೆಯ ಶಿಬಿರಕ್ಕೆ ಹೋಗಿದ್ದವನು, ವಸತಿಯೊಡನೆ ಆಟ ಕಲಿಸುವ ಒಂದು ಸಂಸ್ಥೆಯಿಂದ ಒಪ್ಪಿಗೆಯ ಕಾಗದವನ್ನು ತರಿಸಿಕೊಂಡಿದ್ದನು. ಊಟ ವಸತಿಗಳು ಅವರದು. ಶಾಲೆ ಅವರು ಹೇಳಿದ ಕಡೆ. ಮನೆಗೆ ಬರುವುದು ರಜದಲ್ಲಿ ಮಾತ್ರ. ಸೋಮವಾರದೊಳಗೆ ತಂದೆತಾಯಿಗಳ ರುಜು ಬೀಳಬೇಕು. ಮನೆಯಲ್ಲಿ ಎರಡು ವಾರಗಳಿಂದ ಸರಿಯಾದ ನಿದ್ರೆಯಿಲ್ಲ. ಅವನ ತಾಯಿಗೆ ಹತ್ತನೆಯ ತರಗತಿಯ ಚಿಂತೆ, ನನಗೆ ಅದರ ಮುಂದಿನ ಜೀವನದ ಚಿಂತೆ. ಹುಡುಗನಿಗೂ ಒಂದು ಚಿಂತೆಯಿತ್ತೆಂಬುದು ನಮಗೆ ತಡವಾಗಿ ತಿಳಿಯಿತು. ಅವನು ಶಾಲೆಯ ತಂಡದಲ್ಲಿ ಮುಂದಿನ ಸಾಲಿನವನು. ಗೋಲು ಹೊಡೆದು ಹೆಸರಾದವನು. ಕಾಗದದಲ್ಲಿ ಅವನ ಹೆಸರಿನ ಮುಂದೆ ‘ಡಿಫೆಂಡರ್’ ಎಂದು ಬರೆದಿತ್ತು. ಅದನ್ನು ಅವನು ಮೂರು ದಿನ ನಮಗೆ ತೋರಿಸಿರಲಿಲ್ಲ.

ನನ್ನ ಭಾವನವರು ತಮ್ಮ ಕಾಲದಲ್ಲಿ ಬೆಂಗಳೂರಿನ ಒಂದು ಕಾರ್ಖಾನೆಯ ತಂಡಕ್ಕೆ ಬಲಗಡೆಯ ಫುಲ್‌ಬ್ಯಾಕ್ ಆಗಿ ಹನ್ನೊಂದು ವರ್ಷ ಆಡಿದವರು. ರಾಜ್ಯದ ತಂಡದ ಬಾಗಿಲವರೆಗೂ ಹೋಗಿ ಹಿಂದಿರುಗಿದವರು. ನಿವೃತ್ತರಾದ ಮೇಲೆ ಹುಟ್ಟಿದೂರಾದ ಚಿಂತಾಮಣಿಗೆ ಬಂದು, ಬೆಳಗೂ ಬೈಗೂ ಊರ ಹುಡುಗರಿಗೆ ಆಟ ಹೇಳಿಕೊಡುತ್ತಾರೆ. ದುಡ್ಡು ತೆಗೆದುಕೊಳ್ಳುವುದಿಲ್ಲ, ಅಕ್ಕನ ಗೊಣಗಾಟವನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಅವರ ಅಭಿಪ್ರಾಯವನ್ನು ಕೇಳದೆ ರುಜು ಹಾಕುವುದು ನನ್ನಿಂದ ಆಗುವಂತಿರಲಿಲ್ಲ.

ಭಾನುವಾರ ಬೆಳಗ್ಗೆ ಆರು ಗಂಟೆಗೆ ಮೈದಾನಕ್ಕೆ ಹೋದೆವು. ಮಂಜು ಇನ್ನೂ ಬಿಟ್ಟಿರಲಿಲ್ಲ. ಇಪ್ಪತ್ತು ಇಪ್ಪತ್ತೆರಡು ಹುಡುಗರು, ಅವರಲ್ಲಿ ಅರ್ಧಕ್ಕೆ ಬೂಟಿಲ್ಲ. ಮೈದಾನದ ಒಂದು ಮೂಲೆಯಲ್ಲಿ ಯಾರೋ ರಾಗಿಯ ಹುಲ್ಲನ್ನು ಒಟ್ಟಿದ್ದರು. ಅದನ್ನೇ ಮೂಲೆಯ ಬಾವುಟವೆಂದು ತಿಳಿದು ಆಡುತ್ತಿದ್ದರು. ಭಾವನವರು ನನ್ನ ಮಗನನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿ, ತೆಳ್ಳಗೆ ಕರ್ರಗಿದ್ದ ಒಬ್ಬ ರೇಷ್ಮೆ ಬಿಚ್ಚುವವರ ಮನೆಯ ಹುಡುಗನನ್ನು ಎದುರಿಗೆ ಬಿಟ್ಟರು. ಅವನು ಬರಿಗಾಲಿನವನು. ಮೊದಲ ಸಲ ನನ್ನ ಮಗ ಮುಂದಕ್ಕೆ ನುಗ್ಗಿದನು. ಚೆಂಡು ಅವನ ಕಾಲುಗಳ ನಡುವೆ ಹಾದುಹೋಯಿತು. ಎರಡನೆಯ ಸಲ ಬಲಕ್ಕೆ ವಾಲಿದನು. ಆ ಹುಡುಗ ಎಡಕ್ಕೆ ಹೋದನು. ಮೂರನೆಯ ಸಲ ಬಿದ್ದೇ ಬಿಟ್ಟನು. ಯಾರೂ ನಗಲಿಲ್ಲ, ಅದೊಂದು ಅಲ್ಲಿಯ ಕಟ್ಟುನಿಟ್ಟೆಂದು ಕಾಣುತ್ತದೆ. ಭಾವನವರೂ ಏನನ್ನೂ ಹೇಳಲಿಲ್ಲ. ಎಂಟಕ್ಕೆ ಚೆಂಡುಗಳನ್ನು ಚೀಲಕ್ಕೆ ತುಂಬಿ, “ನಡೀರಿ, ಬೆಟ್ಟ ಹತ್ತೋಣ,” ಎಂದರು.

ಚಿಂತಾಮಣಿಯಿಂದ ಬೆಟ್ಟದ ಬುಡಕ್ಕೆ ಹತ್ತು ಕಿಲೋಮೀಟರಿಗಿಂತ ಹೆಚ್ಚಿಲ್ಲ. ಬಾಡಿಗೆಯ ಆಟೋದವನು ಕೈಲಾಸಗಿರಿಯ ಬಾಗಿಲಿನಲ್ಲಿ ಇಳಿಸಿದನು. ಕೈಲಾಸಗಿರಿಯೆಂಬುದು ಅಂಬಾಜಿದುರ್ಗದ ಬಂಡೆಯ ಮೈಯನ್ನೇ ಕೊರೆದು ಈಚಿನ ಕಾಲದಲ್ಲಿ ಮಾಡಿದ ಗುಹಾದೇವಾಲಯ. ಹಳೆಯ ಶಿಲ್ಪವಲ್ಲವೆಂದು ಮೂಗು ಮುರಿಯುವವರಿದ್ದಾರೆ. ನಾನು ಅವರ ಕಡೆಯವನಲ್ಲ. ಹೊರಗಿನ ಬಿಸಿಲಿನಿಂದ ಒಳಕ್ಕೆ ಕಾಲಿಟ್ಟೊಡನೆ ಬೆನ್ನಿಗೆ ತಣ್ಣನೆಯ ಗಾಳಿ ತಾಗುತ್ತದೆ. ಉಳಿಯ ಗೆರೆಗಳು ಗೋಡೆಯ ಮೇಲೆ ಮಳೆಯ ಧಾರೆಗಳಂತೆ ಕಾಣುತ್ತವೆ. ನಾಲ್ಕು ಮುಖದ ಲಿಂಗದ ಮುಂದಿನ ದೀಪವು ಅಲುಗದೆ ಉರಿಯುತ್ತದೆ. ಬೆಟ್ಟದ ಹೊಟ್ಟೆಯಲ್ಲಿ ಇಷ್ಟು ಸ್ಥಳವನ್ನು ಕೈಯಿಂದ ಬಿಡಿಸಿದವರ ತಾಳ್ಮೆಗೆ ಕೈಮುಗಿಯಲು ಶಾಸನದ ಆಧಾರವು ಬೇಕಿಲ್ಲ.

ಗುಹೆಯಿಂದ ಮೇಲಕ್ಕೆ ದಾರಿ ಕಡಿದು. ಲಾಂಟಾನದ ಪೊದೆಗಳ ನಡುವೆ ಬಂಡೆಯಿಂದ ಬಂಡೆಗೆ. ಅರವತ್ತೇಳರ ಭಾವನವರು ಮುಂದೆ, ಹುಡುಗ ನಡುವೆ, ಏದುಸಿರು ಬಿಡುತ್ತ ನಾನು ಹಿಂದೆ. ಅರ್ಧ ದಾರಿಯಲ್ಲಿ ಒಂದು ಬಂಡೆಯ ನೆರಳಿನಲ್ಲಿ ಕುಳಿತೆವು. ಹುಡುಗನು ತಾನಾಗಿಯೇ ಬಾಯಿಬಿಟ್ಟನು.

“ಮಾವ, ನನ್ನನ್ನು ಹಿಂದಕ್ಕೆ ಹಾಕಿದ್ದು ನಾನು ಚೆನ್ನಾಗಿ ಆಡಲಿಲ್ಲ ಅಂತಲೇ ಅಲ್ವಾ?”

ಭಾವನವರು ನೀರು ಕುಡಿದು, ಬಾಯಿ ಒರೆಸಿಕೊಂಡು, “ಬೆಳಗ್ಗೆ ಆ ಹುಡುಗ ನಿನ್ನನ್ನು ಮೂರು ಸಲ ದಾಟಿದನಲ್ಲ. ಯಾಕೆ?” ಎಂದರು.

“ಅವನು ಜೋರು.”

“ಅವನು ನಿನಗಿಂತ ನಿಧಾನ. ನೀನು ಅವನ ಕಾಲು ನೋಡಿದೆ. ಕಾಲು ಸುಳ್ಳು ಹೇಳುತ್ತದೆ. ಚೆಂಡು ಸುಳ್ಳು ಹೇಳುವುದಿಲ್ಲ, ಅದನ್ನು ನೋಡಬೇಕು. ಇನ್ನೊಂದು, ನಿನಗೆ ಚೆಂಡು ಬೇಕಾಗಿತ್ತು. ಮುಂದಿನ ಸಾಲಿನವನ ಅಭ್ಯಾಸ ಅದು. ಹಿಂದಿರುವವನಿಗೆ ಚೆಂಡು ಬೇಕಾಗಿಲ್ಲ. ಅವನಿಗೆ ಹೊತ್ತು ಬೇಕು. ಎದುರಾಳಿಯನ್ನು ಮುಟ್ಟದೆ, ಬಿಡದೆ, ಒಂದು ಮೊಳ ದೂರದಲ್ಲಿದ್ದುಕೊಂಡು, ಅವನನ್ನು ಪಕ್ಕದ ಗೀಟಿನ ಕಡೆಗೆ ಒತ್ತುತ್ತ ಹೋಗಬೇಕು. ಗೀಟಿಗೆ ಸಿಕ್ಕಿಬಿದ್ದವನಿಗೆ ಒಂದೇ ಕಡೆ ದಾರಿ. ಅಷ್ಟರಲ್ಲಿ ನಿನ್ನವರು ಇಬ್ಬರು ಹಿಂದಕ್ಕೆ ಓಡಿಬಂದಿರುತ್ತಾರೆ. ನೀನು ಏನೂ ಮಾಡಿದಂತೆ ಕಾಣುವುದಿಲ್ಲ. ನೋಡುವವರು ಚಪ್ಪಾಳೆ ಹೊಡೆಯುವುದಿಲ್ಲ. ಆದರೆ ಗೋಲಾಗುವುದಿಲ್ಲ.”

ಈ ಆಟವನ್ನು ಮೂವತ್ತು ವರ್ಷಗಳಿಂದ ನೋಡುತ್ತಿರುವ ನನಗೆ ಅಲ್ಲಿಯವರೆಗೆ ಇದನ್ನು ಯಾರೂ ಇಷ್ಟು ಸುಲಭವಾಗಿ ಹೇಳಿರಲಿಲ್ಲ.

ಅಲ್ಲಿಂದ ಮೇಲಕ್ಕೆ ಹತ್ತುವಾಗ ಮಾತು ಬೆಂಗಳೂರಿನ ಆಟಗಾರರ ಮೇಲೆ ಹರಿಯಿತು. ಈ ಊರಿನ ಕಾಲ್ಚೆಂಡಾಟದ ಕತೆಯನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುವವರು ಕಡಮೆ. ಬೆಂಗಳೂರು ಮುಸ್ಲಿಮ್ಸ್ ತಂಡದವರು ೧೯೩೭ರಲ್ಲಿಯೂ ೧೯೩೮ರಲ್ಲಿಯೂ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದರು. ಮೈಸೂರಿನವರು ೧೯೪೬–೪೭ರಲ್ಲಿ ಸಂತೋಷ್ ಟ್ರೋಫಿಯನ್ನು ತಂದರು. ೧೯೪೮ರ ಜುಲೈ ೩೧ರಂದು ಲಂಡನ್ನಿನ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡವು ಫ್ರಾನ್ಸನ್ನು ಎದುರಿಸಿದಾಗ, ನಮ್ಮವರಲ್ಲಿ ಬಹುಪಾಲು ಜನರು ಬರಿಗಾಲಿನವರು. ಪೆನಾಲ್ಟಿಗಳೆರಡು ವ್ಯರ್ಥವಾಗಿ, ೧–೨ರಿಂದ ಸೋತೆವು. ಭಾರತದ ಪಾಲಿಗೆ ಬಂದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅಹಮದ್ ಖಾನ್, ಧನರಾಜ್, ಎಸ್. ಎ. ಬಷೀರ್ ಇವರೂ ಅಂದು ಕಣದಲ್ಲಿದ್ದರು. ಮುಂದೆ ಅಹಮದ್ ಖಾನರೂ ಧನರಾಜರೂ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡವನ್ನು ಸೇರಿದರು. ಅಲ್ಲಿಯ ಮುಂದಿನ ಸಾಲಿನ ಐವರಿಗೆ ಬಂಗಾಳದವರು ಕೊಟ್ಟ ಹೆಸರು ‘ಪಂಚಪಾಂಡವರು’. ಏಕಚಕ್ರನಗರದ ಬೆಟ್ಟವನ್ನು ದೂರದಲ್ಲಿ ನೋಡುತ್ತ ಇದನ್ನು ಕೇಳಿದ ಹುಡುಗನು, “ಭೀಮ ಯಾರು?” ಎಂದನು. ಭಾವನವರಿಗೆ ಉತ್ತರ ತೋಚಲಿಲ್ಲ.

“ಐವರೂ ಗೋಲು ಹೊಡೆಯುವವರೇ. ನೋಡಿದೆಯಾ?” ಎಂದು ನಾನು ಸುಮ್ಮನಿರಲಾರದೆ ಹೇಳಿದೆನು. “ಹಿಂದಿನ ಸಾಲಿನವರಿಗೆ ಯಾವ ಪುರಾಣದ ಹೆಸರನ್ನೂ ಯಾರೂ ಕೊಡಲಿಲ್ಲ.”

ಭಾವನವರು ನನ್ನನ್ನು ಒಂದು ಕ್ಷಣ ನೋಡಿ, ಇಲ್ಯಾಸ್ ಪಾಷರ ಮಾತನ್ನೆತ್ತಿದರು. ಪಾಷ ಬೆಂಗಳೂರಿನವರು, ಬಲಗಡೆಯ ಫುಲ್‌ಬ್ಯಾಕ್, ಭಾವನವರು ಆಡುತ್ತಿದ್ದ ಜಾಗವೇ. ೧೯೮೭ರಲ್ಲಿ ಕಲ್ಲಿಕೋಟೆಯಲ್ಲಿ ನಡೆದ ನೆಹರೂ ಕಪ್ಪಿನಲ್ಲಿ ಬಲ್ಗೇರಿಯದ ಮೇಲೆ ಭಾರತಕ್ಕಾಗಿ ಮೊದಲು ಆಡಿದರು. ಬಳಿಕ ಕಲ್ಕತ್ತೆಗೆ ಹೋಗಿ ಮೊದಲು ಮಹಮ್ಮಡನ್ ಸ್ಪೋರ್ಟಿಂಗಿಗೂ, ೧೯೯೦ರಿಂದ ಈಸ್ಟ್ ಬೆಂಗಾಲಿಗೂ ಆಡಿ, ೧೯೯೩ರ ಸಾಲಿನಲ್ಲಿ ಅದರ ನಾಯಕರಾದರು. ಈಸ್ಟ್ ಬೆಂಗಾಲಿನ ನಾಯಕತ್ವವೆಂದರೆ ಕಲ್ಕತ್ತೆಯಲ್ಲಿ ಸಾಮಾನ್ಯವಾದ ಪದವಿಯಲ್ಲ. ಆ ವರ್ಷವೇ ಏಷ್ಯದ ಕಪ್ ವಿಜೇತರ ಪಂದ್ಯಾಟದಲ್ಲಿ ಇರಾಕಿನ ಅಲ್ ಜವ್ರಾ ತಂಡವು ಕಲ್ಕತ್ತೆಗೆ ಬಂದು ೬–೨ರಿಂದ ಸೋತು ಹೋಯಿತು. ಆ ದಿನ ಮೂರು ಗೋಲುಗಳನ್ನು ಹೊಡೆದವನು ಇಪ್ಪತ್ತೆರಡು ವರ್ಷದ ಇನ್ನೊಬ್ಬ ಬೆಂಗಳೂರಿನವನು, ಕಾರ್ಲ್ಟನ್ ಚಾಪ್‌ಮನ್.

“ಅಯ್ಯೋ, ಮತ್ತೆ ಗೋಲು,” ಎಂದನು ಹುಡುಗ.

“ತಾಳು. ಆ ಚಾಪ್‌ಮನ್ನನ ಕೆಲಸ ಗೋಲು ಹೊಡೆಯುವುದಲ್ಲ. ಅವನು ನಡುವೆ ನಿಂತು ಎದುರಾಳಿಗಳಿಂದ ಚೆಂಡನ್ನು ಕಿತ್ತುಕೊಳ್ಳುವವನು. ನಮ್ಮ ಕಾಲದ ಮಾತಿನಲ್ಲಿ ಹಾಫ್‌ಬ್ಯಾಕ್. ಮೂರು ಗೋಲಿನ ದಿನ ಅವನಿಗೆ ಒಂದೇ ಬಂತು. ಉಳಿದ ಎಂಟು ಹತ್ತು ವರ್ಷ ಅವನು ಮಾಡಿದ್ದು ಕಾವಲು.”

ಚಾಪ್‌ಮನ್ನರ ಜೀವನವನ್ನು ಭಾವನವರು ನನಗಾಗಿಯೇ ಹೇಳಿದರೆಂದು ಆಮೇಲೆ ತೋರಿತು. ೧೯೭೧ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಸರ್ಕಾರದ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಕಲಿತು, ೧೯೯೦ರಲ್ಲಿ ಜಮಶೇಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಸೇರಿದರು. ಅದೂ ವಸತಿಯೊಡನೆ ಕಲಿಸುವ ಸಂಸ್ಥೆ; ಊರಿನಿಂದ ಎರಡು ದಿನದ ರೈಲು ಪ್ರಯಾಣ. ಮೂರು ವರ್ಷಗಳ ಮೇಲೆ ಈಸ್ಟ್ ಬೆಂಗಾಲ್. ೧೯೯೫ರಲ್ಲಿ ಪಂಜಾಬಿನ ಜೆ.ಸಿ.ಟಿ. ತಂಡ. ದೇಶದ ಮೊದಲನೆಯ ರಾಷ್ಟ್ರೀಯ ಲೀಗು ೧೯೯೬–೯೭ರಲ್ಲಿ ನಡೆದಾಗ ಗೆದ್ದವರು ಜೆ.ಸಿ.ಟಿ.ಯವರೇ. ಅನಂತರ ಒಂದು ಸಾಲು ಕೊಚ್ಚಿ. ಮತ್ತೆ ಈಸ್ಟ್ ಬೆಂಗಾಲ್. ೨೦೦೦–೦೧ರಲ್ಲಿ ಇವರ ನಾಯಕತ್ವದಲ್ಲಿ ಆ ತಂಡಕ್ಕೆ ರಾಷ್ಟ್ರೀಯ ಲೀಗು ದೊರೆಯಿತು. ಭಾರತ ತಂಡಕ್ಕೂ ನಾಯಕರಾಗಿದ್ದವರು. ೨೦೦೧ರಲ್ಲಿ ಮೂವತ್ತು ವಯಸ್ಸಿಗೆ ಆಟವನ್ನು ಬಿಟ್ಟು, ಮರುವರ್ಷವೇ ತಾವು ಕಲಿತ ಟಾಟಾ ಅಕಾಡೆಮಿಗೆ ಕಲಿಸುವವರಾಗಿ ಹಿಂದಿರುಗಿದರು.

“ನನ್ನ ಮಟ್ಟಿಗೆ,” ಎಂದರು ಭಾವನವರು, “ಅವನ ಕತೆಯಲ್ಲಿ ಒಳ್ಳೆಯ ಭಾಗ ಅಲ್ಲಿಂದ ಶುರು. ನಾಯಕನಾಗಿದ್ದವನಿಗೆ ಹದಿನಾಲ್ಕು ವರ್ಷದ ಹುಡುಗರ ಎದುರಿಗೆ ನಿಂತು ಚೆಂಡನ್ನು ಹೇಗೆ ತಡೆಯಬೇಕು ಅಂತ ಮೊದಲಿಂದ ತೋರಿಸುವುದಕ್ಕೆ ಬೇರೆ ಮನಸ್ಸು ಬೇಕು. ಅಲ್ಲಿ ಯಾವ ಪತ್ರಿಕೆಯವನೂ ಬರುವುದಿಲ್ಲ.”

ಆಮೇಲೆ ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೋ, ಕಲ್ಕತ್ತೆಯ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್ ಮೊದಲಾದ ತಂಡಗಳನ್ನು ತರಬೇತು ಮಾಡಿ, ೨೦೧೭ರ ಕೊನೆಯಲ್ಲಿ ಕಲ್ಲಿಕೋಟೆಯ ಕ್ವಾರ್ಟ್ಸ್ ಸಂಸ್ಥೆಯನ್ನು ಸೇರಿದರು. ೨೦೨೦ರ ಅಕ್ಟೋಬರ್ ೧೨ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ ನಲವತ್ತೊಂಬತ್ತು ವರ್ಷ. ಇಲ್ಯಾಸ್ ಪಾಷರು ೨೦೨೫ರ ಜನವರಿ ೨೩ರಂದು, ಬಹುಕಾಲ ಅಸ್ವಸ್ಥರಾಗಿದ್ದು, ಬೆಂಗಳೂರಿನಲ್ಲಿಯೇ ಹೋದರು.

ಆ ಎರಡು ಸಾವುಗಳ ಮಾತು ಬಂದ ಮೇಲೆ ನಾವು ಸ್ವಲ್ಪ ದೂರ ಸುಮ್ಮನೆ ಹತ್ತಿದೆವು.

ಮೇಲೆ ತಲಪಿದಾಗ ಹನ್ನೊಂದು. ಕೋಟೆಯೆಂದು ಕರೆಯಿಸಿಕೊಳ್ಳುವುದರಲ್ಲಿ ಉಳಿದಿರುವುದು ಮುರಿದ ಗೋಡೆಗಳು, ಹುಲ್ಲು ಬೆಳೆದ ಅಡಿಪಾಯಗಳು. ಇದನ್ನು ಬಲಪಡಿಸಿದವನು ಟಿಪ್ಪೂ ಸುಲ್ತಾನ. ಎದುರಿಗೆ ಕಾಣುವ ರಹಮಾನ್‌ಗಢವೂ, ೪,೨೨೭ ಅಡಿ, ಇದರ ಜೋಡಿ. ಅತ್ತ ಪಶ್ಚಿಮದಲ್ಲಿ ಬಿಸಿಲಿನ ಮಸುಕಿನಲ್ಲಿ ನಂದಿ. ೧೭೯೧ರಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣಕ್ಕೆ ಹೋಗುವ ಮೊದಲು ಬೆಂಗಳೂರಿನ ಉತ್ತರದ ಈ ಗಿರಿದುರ್ಗಗಳನ್ನು ಹಿಡಿಯುವುದಕ್ಕೆ ಮೇಜರ್ ಗೌಡಿಯೆಂಬವನನ್ನು ಕಳುಹಿಸಿದನು. ರಹಮಾನ್‌ಗಢವು ಬೇಗನೆ ಬಿದ್ದಿತು. ನಂದಿಯು ಸುಮಾರು ಮೂರು ವಾರ ತಡೆದುಕೊಂಡು ಅಕ್ಟೋಬರ್ ೧೯ರಂದು ಬಿದ್ದಿತು. ಮೂರು ಕಡೆ ಪ್ರಪಾತವಿರುವ ನಂದಿಗೆ ವೈರಿಯು ಬಂದದ್ದು ನಾಲ್ಕನೆಯ ಕಡೆಯಿಂದಲೇ.

ಹುಡುಗನು ಗೋಡೆಯ ಮೇಲೆ ಹತ್ತಿ ಓಡಾಡುತ್ತಿದ್ದವನು ಥಟ್ಟನೆ ನಿಂತು, “ಈ ಕಡೆ ಗೋಡೆನೇ ಇಲ್ವಲ್ಲ,” ಎಂದು ಕೂಗಿದನು. ಅವನು ನಿಂತಿದ್ದ ಕಡೆ ಬಂಡೆಯು ನೇರವಾಗಿ ಕೆಳಕ್ಕೆ ಇಳಿದಿತ್ತು. ನನ್ನ ಎದೆ ಝಲ್ಲೆಂದಿತು. ಭಾವನವರು ಹೋಗಿ ಮೆಲ್ಲನೆ ಅವನ ತೋಳನ್ನು ಹಿಡಿದು ಈಚೆಗೆ ತಂದು, “ಅಲ್ಲಿ ಯಾಕೆ ಕಟ್ಟುತ್ತಾರೆ? ಹತ್ತುವುದಕ್ಕೇ ಆಗದ ಕಡೆ ಗೋಡೆ ದಂಡ. ಹತ್ತಬಹುದಾದ ಕಡೆ ಕಟ್ಟುತ್ತಾರೆ. ನೀನೂ ಅಷ್ಟೆ, ಎಲ್ಲಾ ಕಡೆ ಓಡಬೇಡ,” ಎಂದರು. ಹುಡುಗನಿಗೆ ಅದು ಹಿಡಿಸಿತು. ಕೆಳಗಿಳಿಯುವವರೆಗೂ ಪ್ರತಿಯೊಂದು ಗೋಡೆಯ ಹತ್ತಿರವೂ ನಿಂತು, ವೈರಿಯು ಎಲ್ಲಿಂದ ಬರಬಹುದಿತ್ತೆಂದು ಲೆಕ್ಕ ಹಾಕುತ್ತಿದ್ದನು.

ಅಕ್ಕ ಕಟ್ಟಿಕೊಟ್ಟಿದ್ದ ಅಕ್ಕಿರೊಟ್ಟಿಯನ್ನು ಬಿಚ್ಚಿದೆವು. ಅವನು ಸ್ವಲ್ಪ ದೂರದಲ್ಲಿದ್ದಾಗ ನಾನು ಕೇಳಬೇಕೆಂದಿದ್ದುದನ್ನು ಕೇಳಿದೆನು.

“ಭಾವ, ಇದರಲ್ಲಿ ಅನ್ನ ಇದೆಯೇ?”

“ನನಗೆ ಇತ್ತು,” ಎಂದರು. “ನನಗೆ ಕಾರ್ಖಾನೆಯವರು ಕೆಲಸ ಕೊಟ್ಟದ್ದು ಚೆಂಡಿನಿಂದಲೇ. ಆಟ ನಿಂತ ಮೇಲೂ ಅರವತ್ತರವರೆಗೆ ಸಂಬಳ, ಈಗ ಪಿಂಚಣಿ. ಆ ಕಾಲ ಹೋಯಿತು. ಹೆಚ್.ಎ.ಎಲ್. ತಂಡ ದೇಶದ ದೊಡ್ಡ ಲೀಗಿನಲ್ಲಿ ಕೊನೆಗೆ ಆಡಿದ್ದು ೨೦೧೧–೧೨ರಲ್ಲಿ. ಈಗ ಕೆಲವರಿಗೆ ಬಹಳ ಹಣ, ಉಳಿದವರಿಗೆ ಏನೂ ಇಲ್ಲ. ನೂರು ಹುಡುಗರು ಹೋದರೆ ಆಟದಲ್ಲಿಯೇ ಜೀವನ ಮಾಡುವವರು ಒಬ್ಬರೋ ಇಬ್ಬರೋ. ಮೊಣಕಾಲು ಹೋದರೆ ಅದೂ ಇಲ್ಲ. ನಿನಗೆ ಸುಳ್ಳು ಹೇಳಲಾರೆ.”

“ಹಾಗಾದರೆ?”

“ಆ ನೂರರಲ್ಲಿ ಉಳಿದವರು ಎಲ್ಲಿಗೆ ಹೋಗುತ್ತಾರೆ ಅನ್ನುವುದನ್ನೂ ನೋಡಬೇಕು. ಕಲಿಸುವವರು ಈಗ ಬೇಕಾಗಿದ್ದಾರೆ. ಪರವಾನಗಿ ಪರೀಕ್ಷೆಗಳಿವೆ, ಡಿ, ಸಿ, ಬಿ, ಎ ಅಂತ ಮೆಟ್ಟಿಲು ಮೆಟ್ಟಿಲಾಗಿ. ನೌಷಾದ್ ಮೂಸಾ ಅಂತ ಒಬ್ಬರಿದ್ದಾರೆ, ಮುಂಬಯಿಯವರು, ಭಾರತಕ್ಕೆ ಆಡಿದ ಡಿಫೆಂಡರ್. ಬೆಂಗಳೂರು ಎಫ್.ಸಿ.ಯ ಎರಡನೆಯ ತಂಡವನ್ನು, ಅಂದರೆ ಹುಡುಗರ ತಂಡವನ್ನು, ವರ್ಷಗಟ್ಟಲೆ ಬೆಳೆಸಿದರು. ೨೦೨೧ರಲ್ಲಿ ದೊಡ್ಡ ತಂಡದ ತರಬೇತುದಾರರು ನಡುವೆ ಹೋದಾಗ ಅದನ್ನೂ ಸ್ವಲ್ಪ ಕಾಲ ನಡೆಸಿಕೊಟ್ಟರು. ೨೦೨೨ರಲ್ಲಿ ಎಳೆಯರಿಗಾಗಿ ದೇಶದಲ್ಲಿ ಮೊದಲ ಸಲ ನಡೆದ ಡೆವಲಪ್‌ಮೆಂಟ್ ಲೀಗನ್ನು ಇವರ ಹುಡುಗರೇ ಗೆದ್ದರು. ೨೦೨೫ರಲ್ಲಿ ಇಪ್ಪತ್ತಮೂರರೊಳಗಿನ ಭಾರತ ತಂಡ ಇವರ ಕೈಗೆ ಬಂತು. ಆಟ ಆಡಿದ್ದಕ್ಕಿಂತ ಕಲಿಸಿದ್ದಕ್ಕೇ ಇವರ ಹೆಸರು ನಿಲ್ಲುತ್ತದೆ ಅಂತ ನನ್ನ ಭಾವನೆ.”

ಬೆಂಗಳೂರಿನವರೇ ಆದ ಷಣ್ಮುಗಂ ವೆಂಕಟೇಶರನ್ನೂ ಅವರು ನೆನೆದರು. ವೆಂಕಟೇಶರು ಡಿಫೆಂಡರಲ್ಲ, ನಡುಸಾಲಿನವರು. ಭಾರತದ ನಾಯಕರೂ ಆಗಿದ್ದವರು. ಹದಿಹರೆಯದವರೇ ತುಂಬಿದ್ದ ಇಂಡಿಯನ್ ಆರೋಸ್ ತಂಡಕ್ಕೆ ತರಬೇತುದಾರರಾಗಿದ್ದು, ೨೦೨೨ರ ಆಗಸ್ಟಿನಲ್ಲಿ ಭುವನೇಶ್ವರದಲ್ಲಿ ಇಪ್ಪತ್ತರೊಳಗಿನವರ ದಕ್ಷಿಣ ಏಷ್ಯದ ಪಂದ್ಯಾಟವನ್ನು ಭಾರತಕ್ಕೆ ಗೆಲ್ಲಿಸಿಕೊಟ್ಟರು. ಅಂತಿಮ ಪಂದ್ಯದಲ್ಲಿ ಬಾಂಗ್ಲಾದೇಶದ ಮೇಲೆ ೫–೨. ಕರ್ನಾಟಕದ ತಂಡವು ೧೯೬೮–೬೯ರ ಅನಂತರ ಐವತ್ತನಾಲ್ಕು ವರ್ಷ ಕಾದು, ೨೦೨೩ರ ಮಾರ್ಚಿ ೪ರಂದು ಸೌದಿ ಅರೇಬಿಯದ ರಿಯಾದಿನಲ್ಲಿ ಮೇಘಾಲಯವನ್ನು ೩–೨ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಮತ್ತೆ ತಂದದ್ದನ್ನು ಹೇಳುವಾಗ ಭಾವನವರ ಕಣ್ಣು ತೇವವಾಯಿತು. ಆ ರಾತ್ರಿ ಚಿಂತಾಮಣಿಯಲ್ಲಿ ಅವರೊಬ್ಬರೇ ಎದ್ದು ಕುಳಿತು ನೋಡಿದರಂತೆ. ಅಕ್ಕ ಎದ್ದು ಬಂದು, ಯಾರೋ ಸತ್ತರೆಂದು ಗಾಬರಿಯಾದಳಂತೆ.

“ಕಲಿಸುವುದರಲ್ಲಿ ಕಷ್ಟ ಯಾವುದು, ಭಾವ?”

ಅವರು ಬಹಳ ಹೊತ್ತು ಯೋಚಿಸಿದರು. “ಒಬ್ಬ ಹುಡುಗನಿಗೆ ‘ಸಾಕಪ್ಪ, ನೀನು ಇಷ್ಟೇ’ ಅಂತ ಹೇಳುವುದು. ಎಂಟು ವರ್ಷದ ಹಿಂದೆ ಒಬ್ಬನಿಗೆ ಹೇಳದೆ ಹೋದೆ. ಅವರಪ್ಪ ಅರ್ಧ ಎಕರೆ ಮಾರಿ ಅವನನ್ನು ಗೋವಾಕ್ಕೆ ಕಳುಹಿಸಿದರು. ಆ ಹುಡುಗನ ಎಡಗಾಲು ಸಾಲದು ಅಂತ ನನಗೆ ಗೊತ್ತಿತ್ತು. ಅವನ ಮುಖ ನೋಡಿ ಬಾಯಿ ಬರಲಿಲ್ಲ. ಈಗ ಅವನು ಟೊಮೊಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಸಿಕ್ಕಿದಾಗಲೆಲ್ಲ ‘ಸಾರ್’ ಅಂತ ಕೈಮುಗಿಯುತ್ತಾನೆ. ನಾನು ಆ ಮಂಡಿಯ ಬೀದಿಯಲ್ಲಿ ಹೋಗುವುದನ್ನೇ ಬಿಟ್ಟಿದ್ದೇನೆ.”

ಮುಂದಿನ ಪ್ರಶ್ನೆಯನ್ನು ಕೇಳಲು ನನಗೆ ಧೈರ್ಯ ಬರಲಿಲ್ಲ, ಅವರೇ ಉತ್ತರವಿತ್ತರು.

“ನಿನ್ನ ಮಗ ಮುಂದಿನ ಸಾಲಿಗೆ ಸಾಲದು. ಶಾಲೆಯ ಪಂದ್ಯಗಳಿಗೆ ಸಾಕು, ಅದಕ್ಕೆ ಮೇಲೆ ಇಲ್ಲ. ಅವನನ್ನು ಹಿಂದಕ್ಕೆ ಹಾಕಿದವರು ಆಟ ತಿಳಿದವರು. ಬೆಳಗ್ಗೆ ಮೂರನೆಯ ಸಲ ಬಿದ್ದನಲ್ಲ, ಬಿದ್ದ ಮೇಲೆ ಏನು ಮಾಡಿದ ನೋಡಿದೆಯಾ? ಬಟ್ಟೆ ಕೊಡವಿಕೊಳ್ಳಲಿಲ್ಲ. ಎದ್ದು ಗೋಲಿನ ಕಡೆ ಓಡಿದ. ಅದನ್ನು ಕಲಿಸುವುದಕ್ಕಾಗುವುದಿಲ್ಲ. ಉಳಿದದ್ದನ್ನು ಕಲಿಸಬಹುದು.”

ನಾನು ನೋಡಿರಲಿಲ್ಲ. ನಾನು ಅವನು ಬಿದ್ದುದನ್ನು ಮಾತ್ರ ನೋಡಿದ್ದೆನು.

“ಕಳುಹಿಸಲೋ ಬೇಡವೋ?”

“ಅದು ನಿಮ್ಮಿಬ್ಬರದು. ನಾನು ಹೇಳುವುದು ಎರಡು. ಓದು ಬಿಡಿಸುತ್ತಾರೆ ಅಂದರೆ ಕಳುಹಿಸಬೇಡ. ಹತ್ತನೆಯದನ್ನು ಬರೆಸುತ್ತೇವೆ ಅಂತ ಕಾಗದದಲ್ಲಿ ಇರಬೇಕು, ಬಾಯಿಮಾತಿನಲ್ಲಿ ಅಲ್ಲ. ಮತ್ತೆ, ಮೂರು ವರ್ಷ ಆದ ಮೇಲೆ ಅವರು ‘ಸಾಕು’ ಅಂದರೆ ನೀನು ಅವನನ್ನು ಬಯ್ಯದೆ ಮನೆಗೆ ಕರೆತರಬೇಕು. ಆಗುತ್ತದೆಯೋ, ಯೋಚಿಸಿಕೋ.”

ಹುಡುಗನು ಬಂದುದರಿಂದ ಮಾತು ನಿಂತಿತು. ಅವನಿಗೆ ರೊಟ್ಟಿಯಲ್ಲಿ ಪಾಲು ಕಡಮೆಯಾಗಿತ್ತು. ಅದಕ್ಕಾಗಿ ಸ್ವಲ್ಪ ಗಲಾಟೆಯಾಯಿತು. ಇಳಿಯುವಾಗ ಭಾವನವರು ಅವನಿಗೆ ಮಣಿಪುರದ ರೋಷನ್ ಸಿಂಗನ ಸಂಗತಿಯನ್ನು ಹೇಳುತ್ತಿದ್ದರು. ಬೆಂಗಳೂರು ಎಫ್.ಸಿ.ಯ ಹುಡುಗರ ತಂಡದಲ್ಲಿ ರೆಕ್ಕೆಯ ಆಟಗಾರನಾಗಿದ್ದವನು, ಹಿರಿಯರ ತಂಡದಲ್ಲಿ ಹಿಂದಿನ ಸಾಲಿಗೆ ಬಂದು, ೨೦೨೧–೨೨ರ ಐ.ಎಸ್.ಎಲ್.ನಲ್ಲಿ ಉದಯೋನ್ಮುಖ ಆಟಗಾರನೆಂಬ ಬಹುಮಾನವನ್ನು ಪಡೆದನು. “ಹಿಂದಕ್ಕೆ ಬಂದ ಮೇಲೆಯೇ?” ಎಂದು ಹುಡುಗ ಎರಡು ಸಲ ಕೇಳಿ ಖಚಿತ ಮಾಡಿಕೊಂಡನು. ಬಂಡೆಗಳ ನಡುವೆ ನನಗೆ ಕಾಲು ಜಾರಿದಾಗ ಅವನು ನನ್ನ ಮುಂದೆ ಬಂದು, ಅಡ್ಡಲಾಗಿ ನಿಂತು, ಪ್ರತಿ ಹೆಜ್ಜೆಗೂ ಹಿಂದಿರುಗಿ ನೋಡುತ್ತ ಇಳಿಸಿದನು. ಬೆಟ್ಟದ ಬುಡದಲ್ಲಿ ಒಬ್ಬ ಮುದುಕಿ ಹುರಿದ ಕಡಲೆಕಾಯಿ ಮಾರುತ್ತಿದ್ದಳು. ಇಪ್ಪತ್ತು ರೂಪಾಯಿಗೆ ಮೂವರ ಜೇಬೂ ತುಂಬಿತು.

ಸಂಜೆ ಐದರ ಬಸ್ಸಿನಲ್ಲಿ ಹಿಂದಿರುಗಿದೆವು. ಬಸ್ ನಿಲ್ದಾಣದವರೆಗೆ ಬಂದ ಭಾವನವರು ತಮ್ಮ ಚೀಲದಿಂದ ಹಳೆಯದೊಂದು ಚೆಂಡನ್ನು ತೆಗೆದು ಹುಡುಗನಿಗೆ ಕೊಟ್ಟರು. “ಗೋಡೆಗೆ ಹೊಡೆದು ಎಡಗಾಲಿನಲ್ಲಿ ಹಿಡಿ. ದಿನಕ್ಕೆ ಇನ್ನೂರು ಸಲ. ಬಲಗಾಲು ಮುಟ್ಟಿಸಿದರೆ ಲೆಕ್ಕಕ್ಕಿಲ್ಲ,” ಎಂದರು. ಅಕ್ಕ ಕೊಟ್ಟ ಅವರೆಕಾಯಿಯ ಗಂಟೂ ಚೆಂಡೂ ಹುಡುಗನ ತೊಡೆಯ ಮೇಲೆ. ಕೈವಾರದ ಬೆಟ್ಟವು ಕತ್ತಲಲ್ಲಿ ಹಿಂದಾಗುವ ಮೊದಲೇ ಅವನು ನನ್ನ ಹೆಗಲಿಗೆ ತಲೆಯಿಟ್ಟು ಮಲಗಿದ್ದನು.

ಹೊಸಕೋಟೆಯ ದೀಪಗಳಲ್ಲಿ ಬಸ್ಸು ನಿಂತಾಗ ಕಾಗದವನ್ನು ಹೊರಕ್ಕೆ ತೆಗೆದು ಮತ್ತೊಮ್ಮೆ ಓದಿದೆನು. ವಿದ್ಯಾಭ್ಯಾಸದ ವಿಷಯವಾಗಿ ಅದರಲ್ಲಿ ಒಂದೇ ಒಂದು ಸಾಲು, ಅದೂ ಅಸ್ಪಷ್ಟ. ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಗುರುತು ಮಾಡಿದೆನು. ತಂದೆಯ ರುಜು ಎಂದಿರುವ ಕಡೆಗೆ ಬಂದಾಗ ಬಸ್ಸು ಮತ್ತೆ ಹೊರಟಿತು. ಅಲುಗಾಟದಲ್ಲಿ ಬರೆಯುವುದು ಸಾಧ್ಯವಿರಲಿಲ್ಲ. ಮನೆ ತಲಪಿದಾಗ ಒಂಬತ್ತು ಗಂಟೆ. ಬಾಗಿಲು ತೆರೆದವಳು ಹುಡುಗನ ಮೊಣಕೈಯ ಗಾಯವನ್ನು ನೋಡಿ, “ಬೆಟ್ಟದಲ್ಲಿ ಬಿದ್ದೆಯಾ?” ಎಂದಳು. “ಇಲ್ಲ, ಮೈದಾನದಲ್ಲಿ,” ಎಂದು ಅವನು ನೆಟ್ಟಗೆ ಹಿತ್ತಿಲಿಗೆ ಹೋದನು. ಸ್ವಲ್ಪ ಹೊತ್ತಿನಲ್ಲಿ ಕತ್ತಲೆಯಲ್ಲಿ ಗೋಡೆಗೆ ಚೆಂಡು ಬಡಿಯುವ ಸದ್ದು ಕೇಳಿಬಂದಿತು. ನಾನು ಕಾಗದವನ್ನು ಅವಳ ಕೈಗೆ ಕೊಟ್ಟು, ಪೆನ್ಸಿಲಿನ ಗುರುತನ್ನು ತೋರಿಸಿದೆನು.